ಪಾಲಾರ್ ದಡದ ವಿಜಯಾದಿತ್ಯಮಂಗಲ

ಕೋಲಾರದ ಚಿನ್ನದ ಗಣಿಗಳನ್ನು ನೋಡಬೇಕೆಂದು ಹೋದವರು ನಮ್ಮಲ್ಲಿ ಅನೇಕರುಂಟು. ಆ ಗಣಿಗಳಿಗೆ ನೀರನ್ನು ಕೊಟ್ಟ ಊರನ್ನು ನೋಡಬೇಕೆಂದು ಹೋದವರು ಮಾತ್ರ ಬಹಳ ವಿರಳ. ಆ ಊರಿನ ಹೆಸರು ಬೇತಮಂಗಲ. ರಾಬರ್ಟ್‌ಸನ್‌ಪೇಟೆಯಿಂದ ಆರೇಳು ಮೈಲಿಗಳ ದೂರದಲ್ಲಿ, ಪಾಲಾರ್ ನದಿಯ ಬಲದಂಡೆಯ ಮೇಲೆ ಅದು ಇದೆ. ಅಲ್ಲಿ ಹಂಪೆಯಲ್ಲಿರುವಂಥ ಅರಮನೆಯ ಅವಶೇಷಗಳಿಲ್ಲ, ಬೇಲೂರಿನಲ್ಲಿರುವಂಥ ಶಿಲ್ಪವಿಲ್ಲ. ಒಂದು ಹಳೆಯ ಗುಡಿ, ಒಂದು ಪೇಟೆಬೀದಿ, ಒಂದು ದೊಡ್ಡ ಕೆರೆ: ಇಷ್ಟೇ ಅಲ್ಲಿನ ಸಂಪತ್ತು. ಆದರೂ ಸಾವಿರ ವರ್ಷಗಳಿಗೂ ಹಿಂದಿನ ಈ ಪುಟ್ಟ ಊರು ನಮಗೆ ಒಂದು ಪಾಠವನ್ನು ಹೇಳಿಕೊಡುತ್ತದೆ. ರಾಜಧಾನಿಗಳು ಆ ಪಾಠವನ್ನು ಅಷ್ಟು ಸ್ಪಷ್ಟವಾಗಿ ಹೇಳಲಾರವು.

ಬೆಂಗಳೂರಿನಿಂದ ರೈಲಿನಲ್ಲಿ ಹೊರಟರೆ ಮೊದಲು ಬಂಗಾರಪೇಟೆ ಬರುತ್ತದೆ. ಗಣಿಯ ನೆರೆಯ ಊರಾದುದರಿಂದ ಬಂಗಾರದಿಂದಲೇ ಈ ಹೆಸರು ಬಂದಿರಬೇಕೆಂದು ಪ್ರಯಾಣಿಕರು ಭಾವಿಸುವುದು ಸಹಜ. ವಾಸ್ತವವಾಗಿ ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಎಂಬ ಅಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಬೆಂಗಳೂರಿಗೂ ಜೋಲಾರಪೇಟೆಗೂ ನಡುವೆ ರೈಲು ಓಡಲು ಪ್ರಾರಂಭವಾದುದು 1864ರಲ್ಲಿ. ಅದುವರೆಗೆ ಬೇತಮಂಗಲವೇ ತಾಲ್ಲೂಕಿನ ಮುಖ್ಯ ಸ್ಥಳ. ಮದರಾಸಿಗೆ ಹೋಗುವ ಹಳೆಯ ಹೆದ್ದಾರಿ ಆ ಊರಿನ ಮೇಲೆ ಹಾದುಹೋಗುತ್ತಿತ್ತು. ಬಂಡಿಗಳು ಅಲ್ಲಿ ತಂಗುತ್ತಿದ್ದುವು. ವರ್ತಕರ ವ್ಯಾಪಾರ ಅಲ್ಲಿ ನಡೆಯುತ್ತಿತ್ತು. ರೈಲಿನ ಹಾದಿಯು ಊರನ್ನು ಒಂದು ಪಕ್ಕಕ್ಕೆ ಬಿಟ್ಟು ಹೋದುದರಿಂದ ಕಚೇರಿಯೂ ಹೋಯಿತು, ವ್ಯಾಪಾರವೂ ಹೋಯಿತು. ಒಂದು ಊರಿನ ಭಾಗ್ಯವನ್ನು ಇನ್ನೊಂದು ಊರಿಗೆ ವರ್ಗಮಾಡುವುದಕ್ಕೆ ಎರಡು ಕಬ್ಬಿಣದ ಕಂಬಿಗಳು ಸಾಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಒಂದು ಕವಲುದಾರಿ ಉಂಟು. ಗಣಿಗಳಿಗಾಗಿಯೇ ಅದನ್ನು 1890ರ ದಶಕದಲ್ಲಿ ಹಾಕಿದರು. ಆ ದಾರಿಯಲ್ಲಿ ಹೋಗುವಾಗ ಎಡಬಲಗಳಲ್ಲಿ ಬಿಳುಪು ಬೂದು ಬಣ್ಣದ ಬೋಳು ದಿಬ್ಬಗಳು ಕಾಣಿಸುತ್ತವೆ. ಅವು ದೇವರು ಮಾಡಿದ ಗುಡ್ಡಗಳಲ್ಲ. ಭೂಮಿಯ ಒಡಲಿನಿಂದ ಬಗೆದು ತೆಗೆದ ಕಲ್ಲನ್ನು ಕುಟ್ಟಿ ಹಿಟ್ಟುಮಾಡಿ, ಅದರಲ್ಲಿದ್ದ ಚಿನ್ನವನ್ನು ಸೈನೈಡಿನಿಂದ ಸೆಳೆದುಕೊಂಡ ಮೇಲೆ ಉಳಿದ ಮಣ್ಣಿನ ರಾಶಿಗಳು. ನೂರ ಇಪ್ಪತ್ತು ವರ್ಷಗಳ ಕಾಲ ನಡೆದ ಆ ಕೆಲಸದಲ್ಲಿ ಸುಮಾರು 800 ಟನ್ನು ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರುಗಳ ಆಳಕ್ಕೆ ಇಳಿಯಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಈಗ ಅಲ್ಲಿ ನಿಂತಿರುವುವು ದಿಬ್ಬಗಳು, ತುಕ್ಕುಹಿಡಿದ ರಾಟೆಗೋಪುರಗಳು, ಮತ್ತು ಕೆಲಸಕ್ಕಾಗಿ ನಿತ್ಯವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಜನಗಳ ಮನೆಗಳು.

ಈ ದಿಬ್ಬಗಳನ್ನು ಹಿಂದೆ ಬಿಟ್ಟು ಈಶಾನ್ಯದ ಕಡೆಗೆ ತಿರುಗಿದರೆ ನೆಲದ ಸ್ವರೂಪವೇ ಬದಲಾಗುತ್ತದೆ. ರಸ್ತೆಯು ಮೆಲ್ಲಮೆಲ್ಲನೆ ಇಳಿಯುತ್ತ ಹೊಳೆಯ ಕಣಿವೆಯನ್ನು ಸೇರುತ್ತದೆ. ಊರನ್ನು ಮುಟ್ಟಿದೊಡನೆ ಕಣ್ಣಿಗೆ ಬೀಳುವುದು ಕೆರೆಯ ಏರಿ. ನಾವು ಅದನ್ನು ಹತ್ತಿ ನಿಂತು, ಮೊದಲು ಒಂದು ಕಡೆಗೆ, ಅನಂತರ ಇನ್ನೊಂದು ಕಡೆಗೆ ನೋಡಿದೆವು. ಒಂದು ಕಡೆ ನೀರಿನ ಹರವು. ಇನ್ನೊಂದು ಕಡೆ ಗದ್ದೆ, ತೋಟ, ಮನೆಗಳ ಮಾಡು. ಈ ಎರಡಕ್ಕೂ ನಡುವೆ ಇರುವುದು ಮಣ್ಣಿನ ಒಂದು ದಿಂಡು ಮಾತ್ರ. ಊರಿನ ಚರಿತ್ರೆಯೆಲ್ಲವೂ ಆ ದಿಂಡಿನ ಮೇಲೆಯೇ ನಡೆದಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಊರಿನ ಮೊದಲ ಹೆಸರು ವಿಜಯಾದಿತ್ಯಮಂಗಲ. ಶಾಸನಗಳಲ್ಲಿ ಕಾಣುವುದು ಈ ಹೆಸರೇ. ಬಾಣವಂಶದ ವಿಜಯಾದಿತ್ಯನೆಂಬ ರಾಜನಿಂದ ಅದು ಬಂದಿತು. ಬಾಣರ ಹೆಸರು ಈಗ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲ. ಚಾಲುಕ್ಯರು, ರಾಷ್ಟ್ರಕೂಟರು, ಪಲ್ಲವರು, ಚೋಳರು ಎಂಬ ದೊಡ್ಡ ಮರಗಳ ನೆರಳಿನಲ್ಲಿ ಬೆಳೆದ ಸಣ್ಣ ಗಿಡ ಅದು. ಆದರೆ ಪಾಲಾರ್ ಕಣಿವೆಯಲ್ಲಿ ಬಹುಕಾಲ ಅಧಿಕಾರ ನಡೆಸಿದವರು ಅವರೇ. ಅವರು ತಮ್ಮನ್ನು ಮಹಾಬಲಿ ಚಕ್ರವರ್ತಿಯ ಕುಲದವರೆಂದು ಕರೆದುಕೊಂಡರು. ತಮ್ಮ ಮೂಲಪುರುಷನ ಬಾಗಿಲನ್ನು ಪರಮೇಶ್ವರನೇ ಕಾಯುತ್ತಿದ್ದನೆಂದು ಬಿರುದಿನಲ್ಲಿ ಹೇಳಿಕೊಂಡರು. ನಂದಿಯನ್ನು ಲಾಂಛನವಾಗಿ ಇಟ್ಟುಕೊಂಡರು. ಬಲಿಯು ದಾನಕ್ಕೆ ಹೆಸರಾದವನು. ಕೈಯಲ್ಲಿ ನೀರನ್ನೆರೆದು ಮೂರು ಲೋಕವನ್ನೂ ಕೊಟ್ಟವನು. ಆ ಕುಲದವನೆಂದು ಹೇಳಿಕೊಂಡ ಅರಸನ ಹೆಸರು ನೀರಿನ ದಡದ ಒಂದು ಊರಿಗೆ ಸಂದುದು ಉಚಿತವಾಗಿಯೇ ಇದೆ.

'ಮಂಗಲ' ಎಂಬ ಪದವನ್ನೂ ಇಲ್ಲಿ ಗಮನಿಸಬೇಕು. ಹಳೆಯ ಕಾಲದಲ್ಲಿ ವಿದ್ವಾಂಸರಾದ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರುಗಳ ಹೆಸರು ಸಾಮಾನ್ಯವಾಗಿ ಹೀಗೆ ಮುಗಿಯುತ್ತಿತ್ತು. ಕೊಟ್ಟ ರಾಜನ ಹೆಸರು ಮುಂದೆ, ಮಂಗಲ ಹಿಂದೆ. ಜನರ ನಾಲಗೆಯು ಕಾಲಕ್ರಮದಲ್ಲಿ ರಾಜನ ಹೆಸರನ್ನು ಸವೆಸಿಬಿಟ್ಟಿತು. ಮಂಗಲವನ್ನು ಮಾತ್ರ ಉಳಿಸಿಕೊಂಡಿತು. ಊರಿನ ವಿಷ್ಣು ದೇವರನ್ನು ಜನರು ವಿಜಯೇಂದ್ರಸ್ವಾಮಿ ಎಂದು ಕರೆಯುತ್ತಾರೆ. ವಿಜಯನೆಂದರೆ ಅರ್ಜುನ, ಅವನೇ ಈ ದೇವರನ್ನು ಪ್ರತಿಷ್ಠೆ ಮಾಡಿದನು ಎಂಬುದು ಸ್ಥಳದ ಐತಿಹ್ಯ. ಚರಿತ್ರಕಾರನು ಆ ಹೆಸರಿನಲ್ಲಿ ವಿಜಯಾದಿತ್ಯನ ನೆನಪಿನ ಒಂದು ಚೂರನ್ನು ಕಾಣುತ್ತಾನೆ. ಐತಿಹ್ಯವನ್ನು ನಾವು ಹಳಿಯಬೇಕಾಗಿಲ್ಲ. ಅರಸನನ್ನು ಮರೆತ ಜನ ಅವನ ಹೆಸರಿನ ಅರ್ಧವನ್ನು ದೇವರಲ್ಲಿ ಇಟ್ಟು ಕಾಪಾಡಿದರೆಂದು ತಿಳಿದರೆ ಸಾಕು.

ಇಂಥ ಸ್ಥಳದಲ್ಲಿ ಊರನ್ನು ಕಟ್ಟಬೇಕಾದರೆ ಕೆರೆಯನ್ನು ಕಟ್ಟುವುದು ಏಕೆ ಅವಶ್ಯಕವಾಯಿತು? ಕಾರಣ ಪಾಲಾರಿನ ಸ್ವಭಾವದಲ್ಲಿಯೇ ಇದೆ. ಪಾಲಾರ್ ಎಂದರೆ ತಮಿಳಿನಲ್ಲಿ ಹಾಲಿನ ಹೊಳೆ, ಸಂಸ್ಕೃತದಲ್ಲಿ ಕ್ಷೀರನದಿ. ಹೆಸರು ಹಾಲಿನದಾದರೂ ಈ ಹೊಳೆಯು ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರದ ಪ್ರಾಂತವನ್ನು ದಾಟಿ, ಆಂಧ್ರದ ಒಂದು ಮೂಲೆಯನ್ನು ಹಾದು, ವಾಣಿಯಂಬಾಡಿ, ಆಂಬೂರು, ವೆಲ್ಲೂರುಗಳ ಪಕ್ಕದಲ್ಲಿ ಹರಿದು, ಕಂಚಿಯ ಸೀಮೆಯ ಆಚೆ ಸಮುದ್ರವನ್ನು ಸೇರುತ್ತದೆ. ಅದರ ಉದ್ದ ಸುಮಾರು 348 ಕಿಲೋಮೀಟರು. ಅದರಲ್ಲಿ 93 ಕಿಲೋಮೀಟರು ಮಾತ್ರ ನಮ್ಮ ನಾಡಿನದು. ಮಳೆ ಬಂದ ಕೆಲವು ದಿನ ಹೊಳೆ ಕೆಂಪಾಗಿ ಹರಿಯುತ್ತದೆ, ಆಮೇಲೆ ಮರಳು. ಕಾವೇರಿಯ ದಡದವರು ನೀರನ್ನು ಕಾಲುವೆಯಲ್ಲಿ ತಿರುಗಿಸಿಕೊಂಡರೆ ಸಾಕು. ಪಾಲಾರಿನ ದಡದವರು ಆ ಕೆಲವು ದಿನಗಳ ನೀರನ್ನು ಹಿಡಿದು ನಿಲ್ಲಿಸದೆ ಬದುಕುವಂತಿಲ್ಲ. ಆದುದರಿಂದ ಈ ನದಿಯು ಮೇಲಿನಿಂದ ಕೆಳಗಿನವರೆಗೆ ಕೆರೆಗಳ ಒಂದು ಮಾಲೆಯಾಯಿತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ಬೇತಮಂಗಲದ ಕೆರೆಯೂ ರಾಮಸಾಗರದ ಕೆರೆಯೂ ಈ ಮಾಲೆಯ ದೊಡ್ಡ ಮಣಿಗಳು.

ಆದರೆ ಮಾಲೆಗೆ ಒಂದು ಅಪಾಯ ಉಂಟು. ಕೆರೆಯ ಏರಿಯು ಮಣ್ಣಿನದು. ಅದರ ಒಳಮೈಗೆ ಕಲ್ಲು ಕಟ್ಟಿರುತ್ತಾರೆ. ನೀರು ತೂಬಿನಲ್ಲಿ ಹೋಗಬಹುದು, ಕೋಡಿಯಲ್ಲಿ ಹೋಗಬಹುದು. ಏರಿಯ ತಲೆಯ ಮೇಲೆ ಮಾತ್ರ ಹೋಗಕೂಡದು. ಒಂದು ಗೇಣು ನೀರು ಏರಿಯ ಮೇಲೆ ಹರಿದರೂ ಹೊರಮೈಯ ಮಣ್ಣು ಕೊಚ್ಚಿಹೋಗುತ್ತದೆ, ಕೊರಕಲು ಬೆಳೆಯುತ್ತದೆ, ಸ್ವಲ್ಪ ಕಾಲದಲ್ಲಿ ಏರಿಯೇ ಒಡೆಯುತ್ತದೆ. ಮೇಲಿನ ಒಂದು ಕೆರೆ ಒಡೆದರೆ ಅದರ ನೀರೆಲ್ಲವೂ ಒಮ್ಮೆಗೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಆ ಭಾರವನ್ನು ಅದು ತಾಳಲಾರದು. ಹೀಗೆ ಒಂದು ಕೆರೆಯ ಅಲಕ್ಷ್ಯವು ಹತ್ತು ಊರುಗಳ ವಿಪತ್ತಾಗುತ್ತದೆ. ಹೂಳು ತುಂಬಿದರೆ, ಕೋಡಿಯು ಕಟ್ಟಿಕೊಂಡರೆ, ಏರಿಯ ಮೇಲೆ ಮರಗಳು ಬೆಳೆದು ಬೇರು ಬಿಟ್ಟರೆ ಅಪಾಯವು ಹೆಚ್ಚುತ್ತದೆ. ಕೆರೆಯನ್ನು ಒಂದು ಸಲ ಕಟ್ಟಿದರೆ ಆಗಲಿಲ್ಲ. ಅದನ್ನು ವರ್ಷವರ್ಷವೂ ಕಟ್ಟುತ್ತಲೇ ಇರಬೇಕು.

ವಿಜಯಾದಿತ್ಯಮಂಗಲದ ಕೆರೆಗೂ ಇದೇ ಆಯಿತು. ಬಾಣರ ಪ್ರಾಬಲ್ಯವು 10ನೆಯ ಶತಮಾನದ ಆದಿಯಲ್ಲಿ ಮುಗಿಯಿತು. ಚೋಳರಾಜನಾದ ಒಂದನೆಯ ಪರಾಂತಕನು ಅವರನ್ನು ಸೋಲಿಸಿ, ತನ್ನ ಕಡೆಯ ಗಂಗ ಸಾಮಂತನಾದ ಎರಡನೆಯ ಪೃಥ್ವೀಪತಿಗೆ 'ಬಾಣಾಧಿರಾಜ' ಎಂಬ ಬಿರುದನ್ನು ಕೊಟ್ಟನೆಂದು ಉದಯೇಂದಿರದ ತಾಮ್ರಶಾಸನಗಳು ತಿಳಿಸುತ್ತವೆ. ಒಂದು ರಾಜವಂಶದ ಹೆಸರು ಇನ್ನೊಂದು ವಂಶದವನ ಬಿರುದಾಯಿತು. ಸೋಲಿಗೆ ಇದಕ್ಕಿಂತ ಹೆಚ್ಚಿನ ಗುರುತು ಬೇಕೆ? ಊರನ್ನು ಕಟ್ಟಿದವರು ಹೋದರು, ಕೆರೆಯೂ ಒಡೆಯಿತು. ಆಗ ಹೊಸದಾಗಿ ಈ ನೆಲದ ಮೇಲೆ ಅಧಿಕಾರವನ್ನು ಪಡೆದವರು ನೊಳಂಬರು. ಅವರ ರಾಜಧಾನಿ ಹೇಮಾವತಿ. ಆಗಿನ ಹೆಸರು ಹೆಂಜೇರು. ತಾವು ಪಲ್ಲವ ಕುಲದವರೆಂದು ಅವರು ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಇರಿವ ನೊಳಂಬನೆಂಬವನು ಸುಮಾರು 950ರಲ್ಲಿ, ಒಡೆದುಹೋಗಿದ್ದ ಈ ಕೆರೆಯನ್ನು ಮತ್ತೆ ಕಟ್ಟಿಸಿದನು.

'ಇರಿವ' ಎಂದರೆ ಇರಿಯುವವನು, ಯುದ್ಧದಲ್ಲಿ ಹೊಡೆಯುವವನು. ಅಂಥ ಹೆಸರನ್ನು ಹೊತ್ತ ಅರಸನು ತನಗೆ ಮುಂಚಿನ ವಂಶದವರ ಹೆಸರಿನ ಊರಿನಲ್ಲಿ, ತಾನು ಕಟ್ಟದ ಕೆರೆಯ ಏರಿಗೆ ಮಣ್ಣು ಹಾಕಿಸಿದನು. ಈ ಅಂಶವು ಸಣ್ಣದಲ್ಲ. ಹಳೆಯ ಕೆರೆಯನ್ನು ಒಡೆದಂತೆಯೇ ಬಿಟ್ಟು, ಬೇರೆ ಸ್ಥಳದಲ್ಲಿ ತನ್ನ ಹೆಸರಿನ ಹೊಸ ಸಮುದ್ರವನ್ನು ಕಟ್ಟಿಸಬಹುದಾಗಿತ್ತು. ರಾಜರಿಗೆ ಈ ಚಪಲವು ಹೊಸದಲ್ಲ. ಮುನಿಸಿಪಾಲಿಟಿಗಳಿಗೂ ಅದು ಅಪರಿಚಿತವಲ್ಲ.

ಅದೇ ಕಾಲದಲ್ಲಿ ನೆರೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ನೋಡಬೇಕು. ಬೇತಮಂಗಲದ ಉತ್ತರಕ್ಕೆ, ಮುಳಬಾಗಿಲಿನ ಸೀಮೆಯಲ್ಲಿ, ಆವನಿ ಎಂಬ ಬೆಟ್ಟದ ಊರಿದೆ. ಅಲ್ಲಿ ತ್ರಿಭುವನಕರ್ತನೆಂಬ ಒಬ್ಬ ಶೈವಯತಿ ಇದ್ದನು. ಅವನು 40 ವರ್ಷಗಳ ಕಾಲ ಆವನಿಯ ಸ್ಥಾನವನ್ನು ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, 961ರಲ್ಲಿ ತೀರಿಕೊಂಡನೆಂದು ಅಲ್ಲಿನ ಶಾಸನವು ಹೇಳುತ್ತದೆ. ನೊಳಂಬರ ರಾಣಿಯಾದ ದೀವಬ್ಬರಸಿಯೂ ಆವನಿಯಲ್ಲಿ ಗುಡಿಯನ್ನು ಕಟ್ಟಿಸಿದಳು. ಅರಸನು, ರಾಣಿಯು, ಸಂನ್ಯಾಸಿಯು: ಈ ಮೂವರೂ ಒಂದೇ ಕಾಲದಲ್ಲಿ ಒಂದೇ ಸೀಮೆಯಲ್ಲಿ ಕಲ್ಲು ಮಣ್ಣುಗಳ ಕೆಲಸದಲ್ಲಿ ತೊಡಗಿದ್ದರು. 10ನೆಯ ಶತಮಾನವೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧಗಳ ಪಟ್ಟಿ; ಪಾಲಾರ್ ಕಣಿವೆಯಲ್ಲಿ ಅದು ಕೆರೆಗಳ ಶತಮಾನ.

11ನೆಯ ಶತಮಾನದ ಆದಿಯಲ್ಲಿ ಚೋಳರು ಗಂಗವಾಡಿಯನ್ನೇ ವಶಪಡಿಸಿಕೊಂಡರು. ಕೋಲಾರವು ಅವರ ನಾಡಾಯಿತು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರಚೋಳನ ಕಾಲದ ತಮಿಳು ಶಾಸನಗಳು ಇಂದಿಗೂ ಇವೆ. ನೂರು ವರ್ಷಗಳ ಮೇಲೆ, ಸುಮಾರು 1116ರಲ್ಲಿ, ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಹಿಡಿದು ಚೋಳರನ್ನು ಹಿಂದಕ್ಕೆ ತಳ್ಳಿದನು. ಹೊಯ್ಸಳ ರಾಜ್ಯದ ಮೂಡಣ ಎಲ್ಲೆ ಮುಳಬಾಗಿಲಿನ ಆಚೆಯ ನಂಗಲಿಯ ಘಟ್ಟ. ಹೀಗೆ ಬೇತಮಂಗಲವು ಎರಡು ದೊಡ್ಡ ರಾಜ್ಯಗಳ ಗಡಿಯ ಊರಾಯಿತು. ಗಡಿಯ ಊರುಗಳಿಗೆ ಸಾಮಾನ್ಯವಾಗಿ ದೊರೆಯುವುದು ದಂಡಿನ ದಾಳಿ. ಬೇತಮಂಗಲಕ್ಕೆ ದಂಡನಾಯಕನಿಂದ ಬೇರೊಂದು ಉಪಕಾರವೂ ದೊರೆಯಿತು. ಕೆರೆಯು ಮತ್ತೊಂದು ಸಲ ಕೆಟ್ಟಿತ್ತು. 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕನಾದ ಚೊಕ್ಕಿಮಯ್ಯನು ಅದನ್ನು ಸರಿಪಡಿಸಿದನು. ಕಟ್ಟಿದ್ದು ಬಾಣರ ಊರು, ತಿದ್ದಿದ್ದು ನೊಳಂಬರ ಅರಸು, ಮತ್ತೆ ತಿದ್ದಿದ್ದು ಹೊಯ್ಸಳರ ಸೇನಾಪತಿ. ಇವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ರಕ್ತಸಂಬಂಧವಿಲ್ಲ. ಅವರನ್ನು ಒಂದುಗೂಡಿಸಿದುದು ಕೆರೆಯ ಏರಿ.

ನಮ್ಮ ಪೂರ್ವಿಕರಿಗೆ ಈ ತತ್ತ್ವವು ಚೆನ್ನಾಗಿ ತಿಳಿದಿತ್ತು. ಶಾಸನಗಳ ಕೊನೆಯಲ್ಲಿ ಬರುವ ವಾಡಿಕೆಯ ಶ್ಲೋಕಗಳಲ್ಲಿ ಒಂದರ ಅಭಿಪ್ರಾಯ ಹೀಗಿದೆ: ತಾನು ದಾನ ಕೊಡುವುದಕ್ಕಿಂತಲೂ ಇನ್ನೊಬ್ಬರು ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯ. ಇದು ಬರಿಯ ಉಪದೇಶವಾಗಿ ನಿಲ್ಲಲಿಲ್ಲ. ಅದಕ್ಕೆ ಬೇಕಾದ ಏರ್ಪಾಡನ್ನೂ ಅವರು ಮಾಡಿದರು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಒಂದು ಪಾಲನ್ನು ಕೆರೆಯ ರಕ್ಷಣೆಗೆಂದೇ ಬಿಡುತ್ತಿದ್ದರು. ಅದಕ್ಕೆ ಬಿತ್ತುವಟ್ಟ ಎಂದು ಹೆಸರು. ಕೆರೆಯನ್ನು ಕಟ್ಟಿದವನಿಗೆ, ತಿದ್ದಿದವನಿಗೆ ಕೊಡುತ್ತಿದ್ದ ಮಾನ್ಯಕ್ಕೆ ಕಟ್ಟುಕೊಡಗೆ ಎಂದು ಹೆಸರು. ತೂಬನ್ನು ತೆರೆದು ಮುಚ್ಚಿ, ಗದ್ದೆಗೆ ನೀರನ್ನು ಪಾಲುಮಾಡಿ ಬಿಡುವ ಕೆಲಸ ನೀರುಗಂಟಿಯದು. ಈ ಪದಗಳು ಈಗ ನಿಘಂಟಿಗೆ ಹೋಗಿ ಸೇರುತ್ತಿವೆ. ಪದವು ಹೋಗುವುದು ದೊಡ್ಡ ನಷ್ಟವಲ್ಲ. ಪದದ ಹಿಂದೆ ಇದ್ದ ಕೆಲಸವು ಹೋಗುವುದು ನಷ್ಟ.

ಇನ್ನು ಚಿನ್ನದ ಕಥೆಗೆ ಬರೋಣ. 1802ರಲ್ಲಿ ಜಾನ್ ವಾರನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯು ಈ ಸೀಮೆಯ ಗಡಿಯನ್ನು ಅಳೆಯುತ್ತಿದ್ದಾಗ, ಊರಿಗಾಂ, ಮಾರಿಕುಪ್ಪಗಳ ಹಳ್ಳಿಯವರು ಮಣ್ಣನ್ನು ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡು ವರದಿಮಾಡಿದನು. 1870ರ ದಶಕದಲ್ಲಿ ಲವೆಲ್ ಎಂಬವನು ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯವರು ಕೆಲಸಕ್ಕೆ ಇಳಿದ ಮೇಲೆ ಚಿನ್ನವು ಹೇರಳವಾಗಿ ಸಿಕ್ಕಿತು. ಬೋಳು ಬಯಲಿನಲ್ಲಿ ಕೆಲವೇ ವರ್ಷಗಳಲ್ಲಿ ಒಂದು ನಗರ ಎದ್ದಿತು. ನಗರವೇನೋ ಎದ್ದಿತು, ಕುಡಿಯುವ ನೀರು ಎಲ್ಲಿ? ಕಲ್ಲನ್ನು ಕುಟ್ಟುವ ಯಂತ್ರಗಳಿಗೆ ನೀರು ಬೇಕು. ಸಾವಿರಾರು ಕೂಲಿಗಳ ಮನೆಗಳಿಗೆ ನೀರು ಬೇಕು. ನೀರು ಕೆಟ್ಟರೆ ವಾಂತಿಭೇದಿಯ ಭಯ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿಗಳ ದೂರ ತಂತಿಯ ಮೇಲೆ ವಿದ್ಯುಚ್ಛಕ್ತಿಯನ್ನು ತಂದು ಗಣಿಗಳಿಗೆ ಕೊಟ್ಟರು. ಈ ಸಾಹಸವನ್ನು ನಮ್ಮಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಅದಾದ ಸ್ವಲ್ಪ ಕಾಲದಲ್ಲಿಯೇ, 20ನೆಯ ಶತಮಾನದ ಮೊದಲ ದಶಕದಲ್ಲಿ, ಬೇತಮಂಗಲದ ಕೆರೆಯ ನೀರನ್ನು ಸೋಸಿ, ಕೊಳವೆಗಳಲ್ಲಿ ಏರಿಸಿ ಗಣಿಯ ಪ್ರದೇಶಕ್ಕೆ ಕೊಡುವ ಏರ್ಪಾಡನ್ನು ಮೈಸೂರು ಸರ್ಕಾರವು ಮಾಡಿತು. ಇದನ್ನು ಹೇಳುವವರು ಕಡಮೆ. ಕಾವೇರಿಯ ಬೆಳಕು ಎಲ್ಲರ ಕಣ್ಣಿಗೂ ಕಂಡಿತು; ಪಾಲಾರಿನ ನೀರನ್ನು ಕುಡಿದವರು ಮರೆತರು.

ಇದೇ ಸಮಯದಲ್ಲಿ ನಡೆದ ಒಂದು ದುರಂತವನ್ನು ಇಲ್ಲಿ ಹೇಳಲೇಬೇಕು. 1903ರ ನವೆಂಬರ್ ತಿಂಗಳಿನಲ್ಲಿ ಅತಿವೃಷ್ಟಿಯಾಗಿ ಮೈಸೂರು ಸೀಮೆಯಲ್ಲಿ ಪಾಲಾರಿನ ಕೆರೆಗಳು ಒಡೆದುವು. ಮಾಲೆಯ ದಾರ ಕಡಿಯಿತು. ಆ ನೀರೆಲ್ಲವೂ ಘಟ್ಟದ ಕೆಳಕ್ಕೆ ನುಗ್ಗಿ, ರಾತ್ರಿಯ ವೇಳೆಯಲ್ಲಿ ವಾಣಿಯಂಬಾಡಿಯ ಮೇಲೆ ಬಿದ್ದಿತು. ಸುಮಾರು ಇನ್ನೂರು ಜನ ಪ್ರಾಣ ಕಳೆದುಕೊಂಡರು. ಅವರು ನಮ್ಮ ರಾಜ್ಯದವರಲ್ಲ. ನಮ್ಮ ಭಾಷೆಯವರೂ ಅಲ್ಲ. ಇಲ್ಲಿ ಯಾವ ಕೆರೆಯ ಏರಿ ಎಷ್ಟು ಗಟ್ಟಿಯಾಗಿತ್ತೆಂಬುದು ಅವರಿಗೆ ತಿಳಿಯುವಂತೆಯೂ ಇರಲಿಲ್ಲ. ಮೇಲಿನ ದಡದವನ ಎಚ್ಚರಿಕೆಯ ಮೇಲೆ ಕೆಳಗಿನ ದಡದವನ ನಿದ್ರೆಯು ನಿಂತಿದೆ ಎಂಬುದನ್ನು ಆ ರಾತ್ರಿ ತೋರಿಸಿಕೊಟ್ಟಿತು. ನೀರು ಸಾಲದ ಕಾಲದ ವಿವಾದಕ್ಕೆಂದು ಮೈಸೂರು, ಮದರಾಸು ಸರ್ಕಾರಗಳು 1892ರಲ್ಲಿಯೇ ಒಂದು ಒಪ್ಪಂದವನ್ನು ಮಾಡಿಕೊಂಡಿದ್ದುವು. ಪಾಲಾರೂ ಅದರಲ್ಲಿ ಸೇರಿತ್ತು. ಆದರೆ ನೀರು ಮಿತಿಮೀರಿ ಬಂದಾಗ ಯಾರ ಕರ್ತವ್ಯವೇನೆಂಬುದನ್ನು ಕಾಗದದ ಒಪ್ಪಂದಕ್ಕಿಂತ ಕೆರೆಯ ಏರಿಯೇ ಚೆನ್ನಾಗಿ ಬೋಧಿಸುತ್ತದೆ.

ವಿಚಿತ್ರವೇನೆಂದರೆ, ಗಣಿಗಳಲ್ಲಿ ದುಡಿಯಲು ಬಂದ ಜನರಲ್ಲಿ ಬಹುಪಾಲು ಕೆಳಪಾಲಾರಿನ ದಡದವರು. ಉತ್ತರ ಆರ್ಕಾಟಿನ ಬರಗಾಲದ ಹಳ್ಳಿಗಳಿಂದ ತಮಿಳರೂ, ಚಿತ್ತೂರಿನ ಕಡೆಯಿಂದ ತೆಲುಗರೂ ಇಲ್ಲಿಗೆ ವಲಸೆ ಬಂದರು. ತಮ್ಮ ಊರಿನಲ್ಲಿ ಒಣಗಿದ ಹೊಳೆಯ ನೀರನ್ನೇ ಇಲ್ಲಿ ಬೇತಮಂಗಲದ ಕೊಳವೆಯಲ್ಲಿ ಕುಡಿದರು. ಗಣಿಯ ಒಳಗೆ ಬಂಡೆ ಸಿಡಿದು ಸತ್ತವರು ಅವರು. ಧೂಳನ್ನು ಉಸಿರಾಡಿ ಎದೆರೋಗದಿಂದ ನವೆದವರು ಅವರು. ಚಿನ್ನವು ಹಡಗನ್ನು ಹತ್ತಿ ಹೋಯಿತು. ಅವರ ಪಾಲಿಗೆ ಉಳಿದುದರಲ್ಲಿ ಕೆರೆಯ ನೀರೂ ಒಂದು.

ಗಣಿಯನ್ನೂ ಕೆರೆಯನ್ನೂ ಹೋಲಿಸಿ ನೋಡುವುದು ಈಗ ಅನಿವಾರ್ಯವಾಗುತ್ತದೆ. ಗಣಿಯ ಸಂಪತ್ತು ಒಮ್ಮೆ ತೆಗೆದರೆ ಮುಗಿಯಿತು. ಯಾವ ಇರಿವ ನೊಳಂಬನೂ ಅದನ್ನು ಮತ್ತೆ ತುಂಬಲಾರನು. ಕೆರೆಯ ಸಂಪತ್ತು ಹಾಗಲ್ಲ. ಒಡೆದರೂ ಕಟ್ಟಬಹುದು, ಬತ್ತಿದರೂ ಒಂದು ಮುಂಗಾರಿನಲ್ಲಿಯೋ ಒಂದು ಹಿಂಗಾರಿನಲ್ಲಿಯೋ ಮತ್ತೆ ತುಂಬಬಹುದು. ಚಿನ್ನದ ಆಯುಸ್ಸು ನೂರ ಇಪ್ಪತ್ತು ವರ್ಷವಾಯಿತು. ಕೆರೆಯ ಆಯುಸ್ಸು ಸಾವಿರವನ್ನು ದಾಟಿದೆ. ಆದರೆ ಒಂದು ನಿಬಂಧನೆ ಉಂಟು: ಪ್ರತಿಯೊಂದು ಕಾಲದಲ್ಲಿಯೂ ಒಬ್ಬ ಚೊಕ್ಕಿಮಯ್ಯ ಬೇಕು.

ಈ ಕಾಲದಲ್ಲಿ ಅವನು ಯಾರು ಎಂಬುದೇ ಪ್ರಶ್ನೆ. ಕೋಲಾರದ ಸೀಮೆಯಲ್ಲಿ ಕಳೆದ ಒಂದೆರಡು ತಲೆಮಾರುಗಳಿಂದ ಜನ ಕೆರೆಯನ್ನು ಬಿಟ್ಟು ಕೊಳವೆಬಾವಿಯನ್ನು ನಂಬಿದರು. ಭೂಮಿಯ ಒಳಗಿನ ನೀರು ಸಾವಿರ ಅಡಿಗಳಿಗೂ ಕೆಳಗೆ ಇಳಿಯಿತು. ಚಿನ್ನಕ್ಕಾಗಿ ಕೊರೆದಂತೆಯೇ ನೀರಿಗಾಗಿಯೂ ಕೊರೆಯತೊಡಗಿದರು. ನೀರಿನಲ್ಲಿ ಫ್ಲೋರೈಡು ಕಾಣಿಸಿಕೊಂಡಿತು. ಕೆರೆಗಳಲ್ಲಿ ಹೂಳು, ಅಂಗಳಗಳಲ್ಲಿ ಜಾಲಿ, ಕಾಲುವೆಗಳ ಮೇಲೆ ಒತ್ತುವರಿ. 2018ರಿಂದ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಏರಿತೆಂದು ಸಂತೋಷಪಡುವವರೂ ಇದ್ದಾರೆ. ಎರಡು ಸಲ ಮಾತ್ರ ಶುದ್ಧಿಮಾಡಿದ ನೀರು ಸಾಲದು, ಮೂರನೆಯ ಸಲವೂ ಶುದ್ಧಿಮಾಡಬೇಕೆಂದು ಒತ್ತಾಯಪಡಿಸುವವರೂ ಇದ್ದಾರೆ. ವಿಷಯವು ನ್ಯಾಯಾಲಯಗಳವರೆಗೂ ಹೋಯಿತು. 2021ರ ನವೆಂಬರಿನಲ್ಲಿ ಭಾರಿ ಮಳೆ ಬಂದು ಈ ಸೀಮೆಯ ಅನೇಕ ಕೆರೆಗಳು ತುಂಬಿ ಹರಿದುವು. ಕೆಳಗಿನ ನಾಡಿನಲ್ಲಿ ಪಾಲಾರು ದಡಗಳನ್ನು ಮೀರಿ ಹರಿಯಿತು. 1903ರ ನೆನಪುಳ್ಳವರಿಗೆ ಆ ಸುದ್ದಿಯಲ್ಲಿ ಸಂತೋಷದೊಡನೆ ಭಯವೂ ಬೆರೆತಿದ್ದರೆ ಆಶ್ಚರ್ಯವೇನಿಲ್ಲ. ಹೊಳೆಯು ಸತ್ತಿಲ್ಲ, ಅದು ಬಂದ ದಿನ ನಮ್ಮ ಏರಿ, ಕೋಡಿ, ತೂಬುಗಳು ಸಿದ್ಧವಾಗಿರಬೇಕು.

ಬೇತಮಂಗಲವು ಈಗ, ಹೊಸದಾಗಿ ರಚನೆಯಾದ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದ ಊರು. ಅಲ್ಲಿಗೆ ಹೋದವರು ವಿಜಯೇಂದ್ರಸ್ವಾಮಿಯ ಗುಡಿಯನ್ನು ನೋಡಲಿ; ಶಾಸನದ ಕಲ್ಲುಗಳಲ್ಲಿ ಆಸಕ್ತಿಯುಳ್ಳವರು, 1905ರಲ್ಲಿ ಪ್ರಕಟವಾದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ಓದಿಕೊಂಡು ಹೋಗಲಿ. ಬಿ. ಎಲ್. ರೈಸ್ ಅವರ ಆ ಪರಿಶ್ರಮವಿಲ್ಲದಿದ್ದರೆ ಈ ಸೀಮೆಯ ಬಾಣರೂ ನೊಳಂಬರೂ ಹೊಲದ ಬದುವಿನ ಕಲ್ಲುಗಳಲ್ಲಿ ಅಡಗಿ ಉಳಿದುಬಿಡುತ್ತಿದ್ದರು. ಸಮಯವಿದ್ದವರು ಬಂಗಾರಪೇಟೆಯ ಇನ್ನೊಂದು ಪಕ್ಕದ ಬೂದಿಕೋಟೆಗೂ ಹೋಗಿಬರಬಹುದು. ಹೈದರಾಲಿ ಹುಟ್ಟಿದ ಸ್ಥಳವೆಂದು ಅದಕ್ಕೆ ಖ್ಯಾತಿ. ಆದರೆ ಬೇತಮಂಗಲದಲ್ಲಿ ಒಂದು ಗಂಟೆಯನ್ನು ಏರಿಯ ಮೇಲೆ ಕಳೆಯಬೇಕೆಂದು ನಮ್ಮ ಸಲಹೆ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಯಾವ ಕಡೆಯಿಂದ ಬರುತ್ತದೆ, ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಊರಿನ ಒಬ್ಬ ಹಿರಿಯರಿಂದ ಕೇಳಿ ತಿಳಿದುಕೊಳ್ಳಬೇಕು. ಅರಮನೆಯ ಅವಶೇಷವನ್ನು ನೋಡಿದಾಗ ನಮಗೆ ಉಂಟಾಗುವುದು ಹೆಮ್ಮೆ ಅಥವಾ ವಿಷಾದ. ಇಲ್ಲಿ ಉಂಟಾಗಬೇಕಾದುದು ಹೊಣೆ.

ಚರಿತ್ರೆಯು ಸ್ಥಾಪಕರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತದೆ. ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ದುರಸ್ತಿ ಮಾಡಿದವರ ಹೆಸರು ಹೊಲದ ಕಲ್ಲುಗಳಲ್ಲಿ ಮಾತ್ರ ಉಳಿಯುತ್ತದೆ. ಮಣ್ಣು ಹೊತ್ತವರ ಹೆಸರು ಅಲ್ಲಿಯೂ ಇಲ್ಲ. ಆದರೂ ವಿಜಯಾದಿತ್ಯನು ಕೊಟ್ಟ ಮಂಗಲವು ಇಂದಿನವರೆಗೆ ಮಂಗಲವಾಗಿ ಉಳಿದಿರುವುದು ಆ ಎರಡನೆಯ ಗುಂಪಿನವರಿಂದ. ನಗರದಲ್ಲಿ ವಾಸಮಾಡುವ ನಮಗೆ ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಅದು ಯಾವ ಹೊಳೆಯದು, ಯಾವ ಕೆರೆಯದು, ಅದರ ಏರಿಯನ್ನು ಈ ವರ್ಷ ಯಾರು ನೋಡಿಕೊಂಡರು ಎಂದು ನಾವು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದರೆ, ಒಂದು ಚಿಕ್ಕ ಊರಿನ ಹಳೆಯ ಕಥೆಯನ್ನು ಕೇಳಿದುದು ಸಾರ್ಥಕವಾಗುತ್ತದೆ.